ನಮ್ಮ ಕ್ರಿಸ್‌ಮಸ್ಸಿಗೆ ಕಜ್ಜಾಯವೇ ಇರಲಿ

ಡಿಸೆಂಬರ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ನನಗೆ ಒಂದೇ ಪ್ರಶ್ನೆ: "ಮಗಾ, ಕೇಕ್ ಯಾವಾಗ?" ನಮ್ಮ ಮನೇಲಿ ಕ್ರಿಸ್‌ಮಸ್ ಅಂದ್ರೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ ಅಂದ್ರೆ ಯಾರೂ ನಂಬಲ್ಲ. "ಅದು ದೀಪಾವಳಿಗೆ ಅಲ್ವಾ?" ಅಂತಾರೆ.

ಹೌದು, ಅದೇ ಕಜ್ಜಾಯ. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ ನಮ್ಮೂರು. ಊರಲ್ಲಿ ಹೊಗೆಸೊಪ್ಪಿನ ಹರಾಜು ನಡೆಯೋ ಹೊತ್ತಿಗೇ ನಮ್ಮ ಹಬ್ಬ. ಅಜ್ಜಿ ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ತೇವ ಇರುವಾಗಲೇ ಹಿಟ್ಟು ಮಾಡಿಸ್ತಾರೆ. ಬೆಲ್ಲದ ಪಾಕವನ್ನು ಒಂದು ಹನಿ ನೀರಿಗೆ ಬಿಟ್ಟು ನೋಡ್ತಾರೆ. ಅದು ಬೆರಳಲ್ಲಿ ಮೆತ್ತಗೆ ಉಂಡೆಯಾದರೆ ಮಾತ್ರ ಹಿಟ್ಟು ಹಾಕೋದು. ಕಜ್ಜಾಯ ತಟ್ಟೋಕೆ ಪಕ್ಕದ ಮನೆ ದೊಡ್ಡಮ್ಮನೂ ಬರ್ತಾರೆ. 24ರ ರಾತ್ರಿ ಚರ್ಚಿನಲ್ಲಿ ಪೂಜೆ, ಮರುದಿನ ಬೆಳಗ್ಗೆ ತಿಂಡಿ ತಟ್ಟೆಗಳು ಅಕ್ಕಪಕ್ಕದ ಮನೆಗಳಿಗೆ. ದೀಪಾವಳಿ, ಸಂಕ್ರಾಂತಿಗೆ ಅವರ ಮನೆಯಿಂದ ನಮಗೆ. ತಟ್ಟೆ ಖಾಲಿ ವಾಪಸ್ ಕೊಡಬಾರದು ಅನ್ನೋದು ಅಜ್ಜಿಯ ರೂಲ್.

ಕಳೆದ ವರ್ಷ ಇದನ್ನ ಕೆಡಿಸಿದ್ದು ನಾನೇ. ಅಜ್ಜಿಗೆ ಮಂಡಿ ನೋವು, ಸುಮ್ನೆ ಯಾಕೆ ಕಷ್ಟ ಅಂತ ಬೇಕರಿಯಿಂದ ಪ್ಲಮ್ ಕೇಕ್ ತಂದು ಹಂಚಿದೆ. "ಮೊಟ್ಟೆ ಹಾಕಿರ್ತಾರೇನಪ್ಪಾ?" ಅಂತ ದೊಡ್ಡಮ್ಮ ಕೇಳಿದ್ರು. ಹೌದು ಅಂದೆ. ನಗ್ತಾನೇ ತಗೊಂಡ್ರು. ಆದರೆ ಅವರು ತಿನ್ನಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಹುಟ್ಟೋಕೆ ಮುಂಚಿನಿಂದ ನಮ್ಮ ಹಬ್ಬ ಮಾಡಿದವರನ್ನ ಒಂದು ಕೇಕಿನಿಂದ ಹೊರಗೆ ನಿಲ್ಲಿಸಿದ ಹಾಗಾಯ್ತು.

ಎಗ್‌ಲೆಸ್ ಕೇಕ್ ತಂದ್ರೆ ಆಯ್ತಲ್ಲ ಅನ್ನಬಹುದು. ಮೊಟ್ಟೆಯ ಸಮಸ್ಯೆ ಅಲ್ಲಿಗೆ ಮುಗಿಯುತ್ತೆ. ಆದರೆ ಬೇಕರಿ ಡಬ್ಬಿಯನ್ನ ತೆರೆಯೋಕೆ ದೊಡ್ಡಮ್ಮ ನಮ್ಮ ಅಡುಗೆಮನೆಗೆ ಬರಬೇಕಾಗಿಲ್ಲ.

ಇದು ನಮ್ಮನೆ ವಿಷಯ ಮಾತ್ರ ಅಲ್ಲ. ಮಂಗಳೂರಿನ ಕ್ಯಾಥೋಲಿಕರು ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಮಾಡಿ, ಕುಸ್ವಾರ್ ಅಂತ ನೆರೆಹೊರೆಗೆ ಹಂಚ್ತಾರೆ. ನಮ್ಮ ಪಕ್ಕದ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲಾ ಧರ್ಮದವರೂ ಬರ್ತಾರೆ. ನಮ್ಮ ಕಡೆ ಹಬ್ಬ ಯಾವತ್ತೂ ಒಂದೇ ಮನೆಯವರದ್ದಾಗಿರಲಿಲ್ಲ.

ಕೇಕ್ ಬೇಡ ಅಂತಲ್ಲ, ನಾನೂ ತಿಂತೀನಿ. ಅದು ಕಜ್ಜಾಯದ ಜಾಗಕ್ಕೆ ಬರೋದು ಬೇಡ ಅಷ್ಟೆ. ಅಜ್ಜಿಗೆ ಕಷ್ಟ ಅಂದ್ರೆ ಪರಿಹಾರ ಬೇಕರಿ ಅಲ್ಲ, ಮನೇಲಿ ಸುಮ್ನೆ ಮೊಬೈಲ್ ನೋಡ್ತಾ ಕೂತಿರೋ ನಾನು. ಈ ಸಲ ಅಜ್ಜಿ ಕುರ್ಚಿ ಮೇಲೆ ಕೂತು ಹೇಳಲಿ, ಪಾಕ ನಾನು ನೋಡ್ತೀನಿ.

ಹಾಸ್ಟೆಲ್‌ಗೂ ಒಂದು ಡಬ್ಬಿ ತರ್ತೀನಿ. ಖಾಲಿ ಮಾತ್ರ ವಾಪಸ್ ಕೊಡಬೇಡಿ.