ಆಯುಧ ಸವೆಯಲಿ, ಸಾಣೆಯೂ ಸಿಗಲಿ

ವಿಡಿಯೊ ಗೇಮ್‌ಗಳಲ್ಲಿ ಆಯುಧ ಸವೆಯಬೇಕೇ, ಮುರಿಯಬೇಕೇ, ಅದನ್ನು ಆಟಗಾರನೇ ದುರಸ್ತಿ ಮಾಡಿಕೊಳ್ಳಬೇಕೇ ಎಂಬ ಜಗಳ ಹಳೆಯದು. 2017ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಬಂದ ಮೇಲೆ ಅದು ಇನ್ನಷ್ಟು ಕಾವೇರಿತು. ಹೆಣಗಾಡಿ ಗಳಿಸಿದ ಕತ್ತಿ ಆ ಆಟದಲ್ಲಿ ನಾಲ್ಕಾರು ಕಾಳಗಕ್ಕೇ ಚೂರಾಗುತ್ತದೆ. ಈ ಪದ್ಧತಿಯನ್ನೇ ಕಿತ್ತೊಗೆಯಿರಿ ಎನ್ನುವವರ ಕೂಗು ಅನೇಕ ಕಡೆ ಗೆದ್ದೂ ಇದೆ. 2011ರ ‘ಸ್ಕೈರಿಮ್’ನಲ್ಲಿ ಆಯುಧ ಸವೆಯುವುದಿಲ್ಲ, 2015ರ ‘ಫಾಲ್‌ಔಟ್ 4’ರಲ್ಲಿ ಬಂದೂಕು ಹಾಳಾಗುವುದಿಲ್ಲ, 2022ರ ‘ಎಲ್ಡನ್ ರಿಂಗ್’ನಲ್ಲೂ ಇಲ್ಲ. ಈ ಮೂರನ್ನೂ ಮಾಡಿದ ಕಂಪನಿಗಳ ಹಿಂದಿನ ಆಟಗಳಲ್ಲಿ ಸವೆತ ಇತ್ತು.

ಕಿತ್ತೊಗೆದದ್ದು ತಪ್ಪು ಎಂಬುದು ನನ್ನ ವಾದ. ತೆಗೆಯಬೇಕಾಗಿದ್ದುದು ಸವೆತವನ್ನಲ್ಲ, ದುರಸ್ತಿಯ ಹೆಸರಿನ ದಂಡ ವಸೂಲಿಯನ್ನು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರಿಗೆ ಜೆಲ್ಡಾ ದೂರದ ಮಾತು. ಅದನ್ನು ಆಡಲು ಬೇಕಾದ ಯಂತ್ರದ ಬೆಲೆಯೇ ಹೆಚ್ಚು. ಇಲ್ಲಿ ಆಟವೆಂದರೆ ಮೊಬೈಲು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು, 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಮರಳಿತು. ಕೊಳಗಲ್ಲಿನ ಕಟ್ಟೆ ಮೇಲೆ ಕೂತು ಅದನ್ನು ಆಡುವ ಹುಡುಗನನ್ನು ಕೇಳಿದರೆ, ಆಯುಧ ಸವೆಯುವ ಆಟ ಬೇಡವೇ ಬೇಡ ಅಂದಾನು. ಆದರೆ ಅವನು ಈಗ ಆಡುತ್ತಿರುವುದರಲ್ಲೇ ಸವೆತ ಇದೆ. ಎಕೆಎಂ ಬಂದೂಕು ಎಷ್ಟು ಹಾರಿಸಿದರೂ ಸವೆಯುವುದಿಲ್ಲ, ನಿಜ. ಹೆಲ್ಮೆಟ್ಟು, ವೆಸ್ಟು ಸವೆಯುತ್ತವೆ. ಲೆವೆಲ್ ತ್ರೀ ಹೆಲ್ಮೆಟ್ ತಲೆಗೆ ಬಿದ್ದ ಪೆಟ್ಟನ್ನು ಶೇ 55ರಷ್ಟು ತಗ್ಗಿಸುತ್ತದೆ, ಆದರೆ ಪ್ರತಿ ಗುಂಡಿಗೂ ಅದರ ಆಯಸ್ಸು ಇಳಿದು ಕೊನೆಗೆ ಒಡೆಯುತ್ತದೆ. ಗುಂಡು ತಿಂದು ಜಜ್ಜಿಹೋದ ಲೆವೆಲ್ ತ್ರೀ ಇಟ್ಟುಕೊಳ್ಳಬೇಕೋ, ಈಗಷ್ಟೇ ಸಿಕ್ಕ ಹೊಸ ಲೆವೆಲ್ ಟು ಹಾಕಿಕೊಳ್ಳಬೇಕೋ? ಎದುರಿನ ಮನೆಯಲ್ಲಿ ಶತ್ರುವಿನ ಹೆಜ್ಜೆ ಸಪ್ಪಳ ಕೇಳುತ್ತಿರುವಾಗ ಕ್ಷಣದಲ್ಲಿ ನಿರ್ಧರಿಸಬೇಕು. ಆ ಚಡಪಡಿಕೆಯೇ ಆಟದ ರುಚಿ. ಹೆಲ್ಮೆಟ್ ಎಂದೂ ಒಡೆಯದಂತೆ ಮಾಡಿ ನೋಡಿ, ಆ ಪ್ರಶ್ನೆಯೇ ಇರುವುದಿಲ್ಲ.

ಹಾಗಾದರೆ ಜನ ಬೈಯುವುದೇಕೆ? ಬೈಯಲು ಕಾರಣಗಳಿವೆ. ಅನೇಕ ಆಟಗಳಲ್ಲಿ ದುರಸ್ತಿ ಎಂದರೆ ಅಂಗಡಿಗೆ ಹೋಗಿ ಗುಂಡಿ ಒತ್ತಿ ನಾಣ್ಯ ಕೊಟ್ಟು ಬರುವುದಷ್ಟೇ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಆಟಗಳಲ್ಲಿ ಆಟಗಾರರ ಬಳಿ ಕೂಡಿಬಿದ್ದ ಚಿನ್ನವನ್ನು ಹೀರಿಕೊಳ್ಳುವುದಕ್ಕೇ ಈ ಖರ್ಚು ಇದೆ. ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ‘ಡಾರ್ಕ್ ಸೋಲ್ಸ್ 2’ರ ಕಥೆ ಇನ್ನೂ ಕೆಟ್ಟದ್ದು: ಕಂಪ್ಯೂಟರಿನಲ್ಲಿ ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಆಡಿದರೆ, 30ರ ವೇಗಕ್ಕಿಂತ ಎರಡು ಪಟ್ಟು ಬೇಗ ಆಯುಧ ಸವೆಯುತ್ತಿತ್ತು. 2014ರಲ್ಲಿ ಬಂದ ಆಟದ ಈ ದೋಷ ಸರಿಯಾದದ್ದು 2015ರಲ್ಲಿ. ಒಳ್ಳೆಯ ಕಂಪ್ಯೂಟರ್ ಇಟ್ಟುಕೊಂಡವನಿಗೆ ಶಿಕ್ಷೆ! ‘ಮೈನ್‌ಕ್ರಾಫ್ಟ್’ನಲ್ಲಿ ಮರದ ಗುದ್ದಲಿ 59 ಪೆಟ್ಟಿಗೆ ಮುಗಿಯುತ್ತದೆ, ಕಲ್ಲಿನದು 131ಕ್ಕೆ, ಕಬ್ಬಿಣದ್ದು 250ಕ್ಕೆ, ವಜ್ರದ್ದು 1561ಕ್ಕೆ. ಈ ಲೆಕ್ಕ ಸೊಗಸಾಗಿದೆ. ಮಗು ಮರದಿಂದ ಕಲ್ಲಿಗೆ, ಕಲ್ಲಿನಿಂದ ಕಬ್ಬಿಣಕ್ಕೆ ಏರಲು ಅದೇ ಹುರುಪು ಕೊಡುತ್ತದೆ. ಆದರೆ ಪ್ರೀತಿಯ ಗುದ್ದಲಿಯನ್ನು ಅಡಿಗಲ್ಲಿನ ಮೇಲೆ ಮತ್ತೆ ಮತ್ತೆ ರಿಪೇರಿ ಮಾಡುತ್ತ ಹೋದರೆ ಖರ್ಚು ಏರುತ್ತ ಏರುತ್ತ, ಕೊನೆಗೆ ದುಬಾರಿಯಾಯಿತೆಂದು ಆಟವೇ ಕೈಯೆತ್ತಿಬಿಡುತ್ತದೆ. ಬಳಸಿ ಕಾಪಾಡಿಕೊಂಡವನಿಗೆ ಈ ಬಹುಮಾನ ಸಲ್ಲದು.

ಜೆಲ್ಡಾದ ತಪ್ಪು ಬೇರೆ ಬಗೆಯದು. ಅಲ್ಲಿ ಸಾಮಾನ್ಯ ಕತ್ತಿಗೆ ಸಾಣೆಯೇ ಇಲ್ಲ. ಸಿಕ್ಕಿದ್ದನ್ನು ಹಿಡಿ, ಹೊಡೆ, ಮುರಿದರೆ ಬಿಸಾಕು, ಇನ್ನೊಂದು ಹಿಡಿ. ಹೊಸದನ್ನು ಪ್ರಯೋಗಿಸಲು ಇದು ಪ್ರೇರಣೆ ಎನ್ನುತ್ತಾರೆ, ಮೊದಲ ದಿನಗಳಲ್ಲಿ ಆ ಮಾತು ಸರಿಯೂ ಹೌದು. ಆಮೇಲೆ ಆಟಗಾರ ಒಳ್ಳೆಯ ಆಯುಧವನ್ನು ಚೀಲದಲ್ಲೇ ಬಚ್ಚಿಟ್ಟು ಕಟ್ಟಿಗೆಯಲ್ಲಿ ಬಡಿದಾಡತೊಡಗುತ್ತಾನೆ. 2023ರ ಮುಂದಿನ ಕಂತಿನಲ್ಲಿ ಕೋಲಿಗೆ ಕಲ್ಲನ್ನೋ ಕೊಂಬನ್ನೋ ಜೋಡಿಸಿ ಹೊಸ ಆಯುಧ ಮಾಡಿಕೊಳ್ಳುವ ಅವಕಾಶ ಬಂತು. ಸವೆತ ಹಾಗೇ ಉಳಿದರೂ ಬೇಸರ ಬಹಳ ತಗ್ಗಿತು, ಏಕೆಂದರೆ ಕೈಗೆ ಕೆಲಸ ಸಿಕ್ಕಿತು.

ಕೈಗೆ ಕೆಲಸ ಸಿಗಬೇಕು ಎನ್ನುವುದೇ ಮುಖ್ಯ. ‘ಮಾನ್ಸ್ಟರ್ ಹಂಟರ್’ ಸರಣಿಯಲ್ಲಿ ಕತ್ತಿ ಮುರಿಯುವುದಿಲ್ಲ, ಮೊಂಡಾಗುತ್ತದೆ. ಮೊಂಡು ಅಲಗು ಮೃಗದ ಗಟ್ಟಿ ಚರ್ಮಕ್ಕೆ ತಾಗಿ ಠಣ್ಣೆಂದು ಹಿಂದಕ್ಕೆ ಸಿಡಿಯುತ್ತದೆ. ಆಗ ಬೇಟೆಯ ನಡುವೆಯೇ ಬಂಡೆಯ ಮರೆಗೆ ಓಡಿ, ಕುಕ್ಕರಗಾಲಲ್ಲಿ ಕೂತು ಸಾಣೆಕಲ್ಲಿಗೆ ಅಲಗು ಮಸೆಯಬೇಕು. ಮೃಗ ಎತ್ತ ತಿರುಗಿದೆ, ಇನ್ನೆಷ್ಟು ಕ್ಷಣ ಇದೆ ಎಂದು ನೋಡುತ್ತಲೇ ಮಸೆಯಬೇಕು. 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ನಲ್ಲಿ ಸಾಣೆಚಕ್ರ ತಿರುಗಿಸುತ್ತ ಕತ್ತಿಯನ್ನು ಸರಿಯಾದ ಓರೆಯಲ್ಲಿ ಹಿಡಿಯುವುದು ಆಟಗಾರನ ಕೈಯಲ್ಲೇ ಇದೆ. ಓರೆ ತಪ್ಪಿದರೆ ಅಲಗು ಕೆಡುತ್ತದೆ. ಇಲ್ಲಿ ದುರಸ್ತಿಯೂ ಒಂದು ಆಟ.

ದುರಸ್ತಿಯ ಈ ಪಾಠವನ್ನು ಬಳ್ಳಾರಿಯವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ನಮ್ಮ ತಾಲ್ಲೂಕಿನದೇ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ ಕಲ್ಲುಗೊಡಲಿ ಮಾಡುವ ದೊಡ್ಡ ಕಾರ್ಯಾಗಾರವಿತ್ತು. ಬೂದು ಗ್ರಾನೈಟ್ ಬೆಟ್ಟದ ನಡುವೆ ಹಾದ ಕಪ್ಪು ಡಾಲರೈಟ್ ಪಟ್ಟಿಯಿಂದ ಕಲ್ಲು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ರೂಪ ಕೊಟ್ಟು, ಕಡೆಗೆ ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಹಾಗೆ ಮಸೆದ ತೋಡುಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಈ ನೆಲೆಯ ಬಗ್ಗೆ ಬರೆದರು, 1940ರ ದಶಕದಲ್ಲಿ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ಮಾಡಿದರು. ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿ ನಗರದಲ್ಲೇ ಇದೆ. ನವಶಿಲಾಯುಗದ ಕೊಡಲಿ ಮೊಂಡಾದರೆ ಎಸೆಯುತ್ತಿರಲಿಲ್ಲ, ಮತ್ತೆ ಮಸೆಯುತ್ತಿದ್ದರು. ಅಂಚು ಒಡೆದರೆ ಚಕ್ಕೆ ತೆಗೆದು ಹೊಸ ಅಂಚು ಮಾಡುತ್ತಿದ್ದರು. ಅದೂ ಆಗದಿದ್ದಾಗ ಕುಟ್ಟುಗಲ್ಲಾಗಿ ಬಳಸುತ್ತಿದ್ದರು. ಒಂದು ಆಯುಧಕ್ಕೆ ಇಷ್ಟು ಜನ್ಮಗಳು! ಇಷ್ಟು ಹಂತಗಳಿರುವ ದುರಸ್ತಿಯನ್ನು ಯಾವ ದೊಡ್ಡ ಕಂಪನಿಯ ಆಟದಲ್ಲೂ ನಾನು ಕಂಡಿಲ್ಲ.

ವಿರೋಧಿಗಳ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾಗದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಬಳ್ಳಾರಿಯ ಜೀನ್ಸ್ ಘಟಕದಲ್ಲೋ ದಿನವಿಡೀ ದುಡಿದು ಬಂದವನು ಆಟದಲ್ಲೂ ಕತ್ತಿ ಮಸೆಯುತ್ತ ಕೂರಬೇಕೇ ಎನ್ನುತ್ತಾರೆ. ಅವನಿಗೆ ಸಿಗುವುದು ಒಂದು ಗಂಟೆ ಬಿಡುವು, ಅದನ್ನು ನಾಣ್ಯ ಎಣಿಸುವುದರಲ್ಲಿ ಕಳೆಸುವ ಆಟ ಅವನಿಗೆ ಅನ್ಯಾಯ ಮಾಡುತ್ತದೆ. ಸವೆತವನ್ನು ಬೇಕಾದವರು ಇಟ್ಟುಕೊಂಡು ಬೇಡದವರು ತೆಗೆದುಹಾಕುವ ಆಯ್ಕೆ ಕೊಡಲಿ, ನನ್ನ ತಕರಾರಿಲ್ಲ. ಆದರೆ ಅವನ ದಣಿವನ್ನು ಮುಂದಿಟ್ಟು ಎಲ್ಲರ ಕೈಯಿಂದ ಸಾಣೆಕಲ್ಲು ಕಿತ್ತುಕೊಳ್ಳುವುದು ಬೇಡ. ದಿನವಿಡೀ ಬೇರೆಯವರ ಯಂತ್ರ ನಡೆಸಿದವನಿಗೂ ತನ್ನದೇ ಕತ್ತಿಯ ಅಲಗನ್ನು ತಾನೇ ಹದಕ್ಕೆ ತರುವುದರಲ್ಲಿ ಸುಖವಿದೆ.

ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2024ರಿಂದ 2029ರವರೆಗಿನ ನೀತಿ ರೂಪಿಸಿದೆ. ಇದೇ ಹೊತ್ತಿಗೆ, ಬೆಂಗಳೂರಿನಲ್ಲಿ ಕೂತು ಗೇಮ್ ಮಾಡುವ ಕನ್ನಡದ ಹುಡುಗ ಹುಡುಗಿಯರೇ, ಒಮ್ಮೆ ಬಳ್ಳಾರಿಗೆ ಬನ್ನಿ, ಹಿರೇಗುಡ್ಡ ಹತ್ತಿ ಆ ತೋಡುಗಳ ಮೇಲೆ ಕೈಯಾಡಿಸಿ ನೋಡಿ. ಹೊರಗಿನ ಗೇಮ್‌ಗಳ ನಕಲು ಬಿಟ್ಟು, ಕಲ್ಲುಗೊಡಲಿ ಮೊಂಡಾಗುವ, ಆಟಗಾರ ಅದನ್ನು ಮಸೆದು ಮತ್ತೆ ಹರಿತ ಮಾಡಿಕೊಳ್ಳುವ ಒಂದು ಆಟ ಕಟ್ಟಿ. ಆ ದುರಸ್ತಿಗೆ ಒಂದು ನಾಣ್ಯವನ್ನೂ ಕೇಳಬೇಡಿ.