ಸೀರೆಯುಟ್ಟ ಪತ್ತೇದಾರ

ಶಾಲಾ ವಾರ್ಷಿಕೋತ್ಸವಕ್ಕೆ ಯಕ್ಷಗಾನದ ಅಭ್ಯಾಸ ನಡೆಯುತ್ತಿದ್ದ ಸಮಯ. ಕಾಪುವಿನ ಕಡೆಯ ಒಬ್ಬ ತಂದೆ ಸಂಜೆ ನನ್ನನ್ನು ಹುಡುಕಿಕೊಂಡು ಬಂದರು. "ಮಾಸ್ಟ್ರೇ, ನಮ್ಮ ಹುಡುಗನಿಗೆ ಬೇರೆ ಎಂತಾದರೂ ವೇಷ ಕೊಡಿಸಿ. ರಕ್ಕಸನಾದರೂ ಅಡ್ಡಿಯಿಲ್ಲ. ಸೀರೆ ಮಾತ್ರ ಉಡಿಸಬೇಡಿ, ನಾಲ್ಕು ಜನ ನಗುತ್ತಾರೆ" ಎಂದರು. ಒಂಬತ್ತನೆಯ ತರಗತಿಯ ಹುಡುಗ ಅಪ್ಪನ ಹಿಂದೆ ನೆಲ ನೋಡುತ್ತಾ ನಿಂತಿದ್ದ. ಅವನ ಪಾಲಿಗೆ ಬಂದದ್ದು ವಿರಾಟಪರ್ವದ ಬೃಹನ್ನಳೆ.

ನಾನು ವಿಜ್ಞಾನ ಕಲಿಸುವವನು. ಯಕ್ಷಗಾನ ಕಲಿಸುವ ಗುರುಗಳು ಬೇರೆ. ಆದರೂ ಕೇಳಿದೆ: "ನೀವು ಪತ್ತೇದಾರಿ ಕಾದಂಬರಿ ಓದಿದ್ದೀರಾ?" ಅವರ ಮುಖ ಅರಳಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆ ಲೈಬ್ರೆರಿಯಿಂದ ತಂದು, ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದವರಂತೆ. "ಹಾಗಾದರೆ ಹತ್ತು ನಿಮಿಷ ಕೂತುಕೊಳ್ಳಿ" ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತುರ್ಕಿ ದೇಶದಲ್ಲಿ ಮೆಹ್ಮೆತ್ ಮುರಾತ್ ಸೋಮೆರ್ ಎಂಬ ಲೇಖಕರಿದ್ದಾರೆ. ಓದಿದ್ದು ಎಂಜಿನಿಯರಿಂಗ್, ದುಡಿದದ್ದು ಬ್ಯಾಂಕಿನಲ್ಲಿ. ಆಮೇಲೆ ಅವರು ಒಂದು ತಮಾಷೆಯ ಪತ್ತೇದಾರಿ ಮಾಲೆ ಬರೆದರು. ಅದರ ನಾಯಕ ಹಗಲು ಕಂಪ್ಯೂಟರ್ ಕೆಲಸದವನು. ರಾತ್ರಿ ಇಸ್ತಾಂಬುಲ್‌ನ ಒಂದು ಕ್ಲಬ್ಬಿನಲ್ಲಿ ಹೆಣ್ಣುವೇಷ ತೊಟ್ಟು ಮೆರೆಯುವವನು. ಕೊಲೆಗಾರನನ್ನು ಹಿಡಿಯುವುದೂ ಅವನೇ. ಆ ಪುಸ್ತಕಗಳು ದೊಡ್ಡವರ ಓದಿಗೆ. ಮಕ್ಕಳಿಗೆ ನಾನು ಶಿಫಾರಸು ಮಾಡುತ್ತಿಲ್ಲ. ಆದರೆ ಅದರ ಹಿಂದಿನ ಯೋಚನೆ ಗಮನಿಸಿ. ಬೇರೊಬ್ಬರಂತೆ ನಡೆಯಲು, ಮಾತಾಡಲು ಕಲಿತವನಿಗೆ, ಬೇರೊಬ್ಬರು ಹಾಕಿದ ವೇಷವೂ ಬೇಗ ಅರ್ಥವಾಗುತ್ತದೆ.

ಷೆರ್ಲಾಕ್ ಹೋಮ್ಸನನ್ನೇ ನೋಡಿ. ೧೮೮೭ರಲ್ಲಿ ಬಂದ ಅವನ ಮೊತ್ತಮೊದಲ ಕಥೆ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನಲ್ಲಿ ಒಂದು ಉಂಗುರ ಕೇಳಿಕೊಂಡು ಮುದುಕಿಯೊಬ್ಬಳು ಬರುತ್ತಾಳೆ. ಹೋಮ್ಸ್ ಅವಳ ಕುದುರೆಗಾಡಿಯ ಹಿಂದೆಯೇ ನೇತಾಡಿಕೊಂಡು ಹೋಗುತ್ತಾನೆ. ಗಾಡಿ ನಿಂತಾಗ ಒಳಗೆ ಯಾರೂ ಇಲ್ಲ! ಮುದುಕಿಯ ವೇಷದಲ್ಲಿದ್ದವನು ಚುರುಕಾದ ಒಬ್ಬ ಯುವಕ, ಒಳ್ಳೆಯ ನಟ ಎಂದು ಹೋಮ್ಸ್ ತನ್ನನ್ನೇ ನೋಡಿ ನಗುತ್ತಾನೆ. ೧೮೯೧ರ 'ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ' ಕಥೆಯಲ್ಲಿ ಐರೀನ್ ಆಡ್ಲರ್ ಎಂಬ ಗಾಯಕಿ ಹುಡುಗನ ಉಡುಪು ತೊಟ್ಟು, ಅವನ ಮನೆ ಬಾಗಿಲಲ್ಲೇ ಅವನಿಗೆ ಶುಭರಾತ್ರಿ ಹೇಳಿ ಹೋಗುತ್ತಾಳೆ. ಅಷ್ಟು ದೊಡ್ಡ ಪತ್ತೇದಾರನಿಗೆ ಅವಳ ಗುರುತು ಹತ್ತುವುದಿಲ್ಲ. ಎರಡು ಸಲವೂ ಅವನನ್ನು ಸೋಲಿಸಿದ್ದು ವೇಷ.

ಇದೆಲ್ಲ ಪರದೇಶದ ಮಾತಾಯಿತು. ನಮ್ಮ ವಿರಾಟಪರ್ವ ಇದಕ್ಕಿಂತ ಹಳೆಯದು, ಇದಕ್ಕಿಂತ ರೋಚಕವಾದದ್ದು. ಪಾಂಡವರ ಅಜ್ಞಾತವಾಸ ಒಂದು ವರ್ಷ. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಕಾಡು. ನಮ್ಮ ಕಡೆಯ ಆಟಗಳಲ್ಲಿ ಭೀಮ ಸೀರೆಯುಟ್ಟು ನಾಟ್ಯಶಾಲೆಯ ಕತ್ತಲಲ್ಲಿ ಕೀಚಕನಿಗಾಗಿ ಕಾದು ಕೂರುತ್ತಾನೆ. ನೋಡುವವರಿಗೆ ನಗು, ಕೀಚಕನಿಗೆ ಸಾವು. ಆ ಸುದ್ದಿ ಹಸ್ತಿನಾವತಿಗೆ ಮುಟ್ಟಿದಾಗ ಕೌರವರು ಪತ್ತೇದಾರರಂತೆ ಯೋಚಿಸುತ್ತಾರೆ. ಕೀಚಕನಂತಹ ಜಟ್ಟಿಯನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಯಾರು? ಬಲರಾಮ, ಶಲ್ಯ, ಭೀಮ. ಮೊದಲ ಇಬ್ಬರಿಗೆ ವಿರಾಟನಗರದಲ್ಲಿ ಕೆಲಸವಿಲ್ಲ. ಹಾಗಾದರೆ ಉಳಿದವನು? ಪ್ರಯೋಗಶಾಲೆಯಲ್ಲಿ ಲವಣ ಪರೀಕ್ಷೆ ಮಾಡುವಾಗ ನಾವು ಅಲ್ಲದ್ದನ್ನು ಒಂದೊಂದಾಗಿ ಬಿಡುತ್ತಾ ಹೋಗುವುದೂ ಹೀಗೆಯೇ.

ಮುಂದೆ ಉತ್ತರಕುಮಾರನ ಪ್ರಹಸನ. ಕೌರವರ ಸೇನೆ ಕಂಡದ್ದೇ ತಡ, ರಾಜಕುಮಾರ ರಥದಿಂದ ಹಾರಿ ಓಟ ಕೀಳುತ್ತಾನೆ. ಅವನನ್ನು ಹಿಡಿಯಲು ಬೃಹನ್ನಳೆ ಜಡೆ ಹಾರಿಸುತ್ತಾ ಹಿಂದೆ ಓಡುತ್ತಾಳೆ. ಸೈನಿಕರು ನಗುತ್ತಾರೆ. ನಗದೆ ನೋಡಿದವರು ಮಾತ್ರ ಆ ಕುತ್ತಿಗೆ, ಆ ತೋಳು, ಆ ನಡಿಗೆ ಗುರುತಿಸಿ ಇವನು ಅರ್ಜುನ ಇರಬೇಕಲ್ಲ ಎಂದು ಅನುಮಾನಿಸುತ್ತಾರೆ. ಅವಧಿ ಮುಗಿಯಿತೇ ಎಂಬ ವಾದ ಎದ್ದಾಗ ಭೀಷ್ಮ ಪಂಚಾಂಗದ ಲೆಕ್ಕ ಹೇಳುತ್ತಾನೆ: ಐದು ವರ್ಷಕ್ಕೆ ಎರಡು ಅಧಿಕ ಮಾಸ. ಚಾಂದ್ರಮಾನ ವರ್ಷ ೩೫೪ ದಿನ, ಸೌರಮಾನ ವರ್ಷ ೩೬೫ ದಿನ. ವರ್ಷಕ್ಕೆ ಸುಮಾರು ೧೧ ದಿನದ ಅಂತರ. ಆ ಅಂತರವೇ ಪಾಂಡವರನ್ನು ಕಾಪಾಡಿತು.

ಈಗ ಹೇಳಿ, ಬೃಹನ್ನಳೆ ಸಣ್ಣ ವೇಷವೇ?

ನಮ್ಮ ಜಿಲ್ಲೆಯಲ್ಲಿ ಸ್ತ್ರೀವೇಷ ಎಂದರೆ ಗೌರವದ ವಿದ್ಯೆ. ಹಾರಾಡಿ ನಾರಾಯಣ ಗಾಣಿಗರ ಹೆಸರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ತೆಂಕಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರು, ಏಕವ್ಯಕ್ತಿ ಪ್ರದರ್ಶನಗಳಲ್ಲಿ ಮಂಟಪ ಪ್ರಭಾಕರ ಉಪಾಧ್ಯರು, ಕಾರ್ಕಳದವರೇ ಆದ ಶಶಿಕಾಂತ ಶೆಟ್ಟರು ಹೆಸರು ಗಳಿಸಿದ್ದು ಇದೇ ವೇಷದಿಂದ. ಹಿಂದೆ ಮೇಳ ಸೇರಿದ ಹುಡುಗರು ಕೋಡಂಗಿ, ಬಾಲಗೋಪಾಲ ಆದ ಮೇಲೆ ಪೀಠಿಕೆ ಸ್ತ್ರೀವೇಷ ಮಾಡಿಯೇ ಮುಂದೆ ರಾಜವೇಷಕ್ಕೆ ಹೋಗುತ್ತಿದ್ದರು. ಇನ್ನೊಂದು ಮಾತು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತನ್ನು ವೇಷಧಾರಿಯೇ ಆಯಾ ರಾತ್ರಿ ಕಟ್ಟಬೇಕು. ಹಾಗಾಗಿ ನಮ್ಮ ಕಲಾವಿದ ಲೇಖನಿ ಹಿಡಿಯುವ ಮೊದಲೇ ಅರ್ಧ ಲೇಖಕ.

ಈಗ ಶಾಲೆಗಳಲ್ಲಿ ಹುಡುಗಿಯರೂ ಯಕ್ಷಗಾನ ಕಲಿಯುತ್ತಿದ್ದಾರೆ. ಹುಡುಗಿ ಮೀಸೆ ಅಂಟಿಸಿಕೊಂಡು ದೇವೇಂದ್ರನಾದರೆ ಚಪ್ಪಾಳೆ. ಹುಡುಗ ಸೀರೆಯುಟ್ಟರೆ ಮಾತ್ರ ನಗೆ. ಇದು ಯಾವ ನ್ಯಾಯ? ಕೆಲವು ತಂದೆ ತಾಯಿಯರ ಮನಸ್ಸಿನಲ್ಲಿ ಹೇಳಿಕೊಳ್ಳಲಾಗದ ಇನ್ನೊಂದು ಭಯವೂ ಇದೆ. ವೇಷದಿಂದ ಯಾರ ಸ್ವಭಾವವೂ ಬದಲಾಗುವುದಿಲ್ಲ. ಸ್ವಭಾವದಲ್ಲೇ ಬೇರೆಯಾಗಿರುವವರು ಕೂಡ ನಮ್ಮಷ್ಟೇ ಗೌರವಕ್ಕೆ ಅರ್ಹರು. ೨೦೨೧ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರನ್ನು ನೆನೆಯಿರಿ.

ಇಷ್ಟೆಲ್ಲ ಹೇಳುವ ಅಧಿಕಾರ ನನಗೆ ಸುಲಭವಾಗಿ ಬಂದದ್ದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಚೆನ್ನಾಗಿ ಸ್ತ್ರೀವೇಷ ಮಾಡುವ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಅವನಿಗೆ ಹೆಣ್ಣಿನ ಹೆಸರಿಟ್ಟು ಕರೆಯುತ್ತಿದ್ದರು. ನಾನು ಕೇಳಿಯೂ ಕೇಳದವನಂತೆ ಇದ್ದೆ. "ಪರೀಕ್ಷೆ ಹತ್ತಿರ ಬಂತು, ಅದೆಲ್ಲ ಬಿಡು" ಎಂದು ಅವನಿಗೇ ಬುದ್ಧಿ ಹೇಳಿದೆ. ಬಹಳ ವರ್ಷಗಳ ನಂತರ ಉಡುಪಿಯ ರಥಬೀದಿಯಲ್ಲಿ ಸಿಕ್ಕಿದ. ಕುಶಲ ವಿಚಾರಿಸಿದ ಮೇಲೆ ನಗುತ್ತಲೇ, "ಆಮೇಲೆ ನಾನು ಗೆಜ್ಜೆ ಕಟ್ಟಲಿಲ್ಲ ಸಾರ್" ಎಂದ. ಅವನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಕಾಪುವಿನ ಆ ತಂದೆ ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಷ್ಟರಲ್ಲಿ ಹುಡುಗ ಮೊದಲ ಸಲ ತಲೆ ಎತ್ತಿ ಕೇಳಿದ:

"ಸಾರ್, ಉತ್ತರಕುಮಾರನ ಹಿಂದೆ ಓಡುವಾಗ ಬೃಹನ್ನಳೆ ಹೆಂಗಸಿನ ಹಾಗೆ ಓಡಬೇಕಾ, ಅರ್ಜುನನ ಹಾಗೆ ಓಡಬೇಕಾ?"

ಉತ್ತರ ನನಗೂ ಹೊಳೆಯಲಿಲ್ಲ. ಗುರುಗಳನ್ನು ಕೇಳು ಎಂದೆ. ಹುಡುಗ ಅಭ್ಯಾಸದ ಕೋಣೆಗೆ ಹೋದ. ಅಪ್ಪ ಮನೆಗೆ ಹೊರಟವರು ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು.