ಸತ್ತ ಕುರಿಗೆ ಪರಿಹಾರ, ಬದುಕಿದ ಮರಿಗೆ ಬರೀ ಬಯಲು



ಫೆಬ್ರವರಿ ಮುಗಿಯುತ್ತಿದ್ದಂತೆ ಬಯಲುಸೀಮೆಯ ಸಂತೆಗಳಲ್ಲಿ ಮೂರು ತಿಂಗಳ ಕುರಿಮರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಶಿರಾ, ಚಳ್ಳಕೆರೆ, ಕೂಡ್ಲಿಗಿ, ಕುಷ್ಟಗಿ, ಯಾವ ಸೀಮೆಯಾದರೂ ಇದೇ ಪಾಡು. ಮಾರುವವನಿಗೆ ಮಾರುವ ಮನಸ್ಸಿಲ್ಲ. ಆದರೆ ಹೊಲದಲ್ಲಿ ಹುಲ್ಲಿಲ್ಲ, ಬಣವೆಯಲ್ಲಿ ಸೊಪ್ಪೆ ಇಲ್ಲ, ಸೊಸೈಟಿ ಸಾಲದ ಗಡುವು ಬಾಗಿಲಿಗೆ ಬಂದಿದೆ. ಇದು ದಲ್ಲಾಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನು ತಕ್ಕಡಿ ತರೋದಿಲ್ಲ. ಮರಿಯ ಬೆನ್ನ ಮೇಲೆ ಕೈಯಾಡಿಸಿ, ಟವೆಲ್ಲಿನ ಮರೆಯಲ್ಲಿ ಬೆರಳು ಒತ್ತಿ, ಇಷ್ಟು ಅಂತಾನೆ. ಅಷ್ಟಕ್ಕೇ ಕೊಟ್ಟು ಬರುತ್ತೇವೆ.

ಇದು ವ್ಯಾಪಾರವೇ? ಲೆಕ್ಕ ಹಾಕಿ ನೋಡಿ. ಹೊಟ್ಟೆ ತುಂಬ ಮೇವು ಸಿಕ್ಕಿದ ಮರಿ ದಿನಕ್ಕೆ 80 ಗ್ರಾಂ ಬೆಳೆದರೂ 90 ದಿನಕ್ಕೆ 7 ಕಿಲೋ ಮೀರುತ್ತದೆ. 20 ಮರಿಗೆ 144 ಕಿಲೋ. ಆ 144 ಕಿಲೋ ನಮ್ಮ ದೊಡ್ಡಿಯಲ್ಲಿ ಬೆಳೆಯಬೇಕಿತ್ತು. ಮೇವಿಲ್ಲ ಎಂಬ ಒಂದೇ ಕಾರಣಕ್ಕೆ ಕೊಂಡವನ ದೊಡ್ಡಿಯಲ್ಲಿ ಬೆಳೆಯುತ್ತದೆ.

ಸರ್ಕಾರ ಏನು ಮಾಡುತ್ತಿದೆ? 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿದ್ದವು. ದೇಶದಲ್ಲಿ ಮೂರನೇ ಸ್ಥಾನ. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಅದರಲ್ಲಿ ಕುರಿಮೇವಿಗೆಂದು ನಿಮ್ಮೂರಿಗೆ ಎಷ್ಟು ಬಂತು, ನೀವೇ ಹೇಳಿ. ಬರ ಬಂದಾಗ ಗೋಶಾಲೆ ತೆರೆಯುತ್ತಾರೆ. ಹೆಸರೇ ಹೇಳುವಂತೆ ಅದು ದನದ ಮಾತು. ಕುರಿ ಸತ್ತರೆ ‘ಅನುಗ್ರಹ’ ಎಂಬ ಪರಿಹಾರ ಉಂಟು. ಅಂದರೆ ಕುರಿ ಮೊದಲು ಸಾಯಬೇಕು, ಆಮೇಲೆ ಅನುಗ್ರಹ!

ಇನ್ನು ರಾಷ್ಟ್ರೀಯ ಜಾನುವಾರು ಮಿಷನ್. 2021ರ ಹೊಸ ರೂಪದಲ್ಲಿ ಅರ್ಧಕ್ಕರ್ಧ ಸಬ್ಸಿಡಿ. ಯಾರಿಗೆ? 100 ಹೆಣ್ಣು ಕುರಿ, 5 ಟಗರು ಕಟ್ಟಬಲ್ಲವನಿಗೆ. ರಸಮೇವು, ಅಂದರೆ ಸೈಲೇಜು, ತಯಾರಿಸುವ ಘಟಕಕ್ಕೆ 50 ಲಕ್ಷದವರೆಗೆ ಸಬ್ಸಿಡಿ. ಇಪ್ಪತ್ತು ಕುರಿಯವನು ಆ ಘಟಕದ ಚೀಲ ಕೊಳ್ಳುವ ಗಿರಾಕಿ, ಅಷ್ಟೆ. ಗೊಬ್ಬರ ಕೊಂಡೆವು, ಬೀಜ ಕೊಂಡೆವು. ಇನ್ನು ಮೇಲೆ ಹುಲ್ಲನ್ನೂ ಚೀಲದಲ್ಲಿ ಕೊಳ್ಳಬೇಕೇನು?

ಬೇಡ. ನಮ್ಮ ಹಿರಿಯರು ಹಗೇವು ತೋಡಿ ವರ್ಷಗಟ್ಟಲೆ ಜೋಳ ಕಾಪಾಡಿದವರು. ಕಾಳಿಗೆ ಹಗೇವು ತೋಡಿದ ಕೈಗೆ ಮೇವಿನ ಗುಂಡಿ ಭಾರವೇ? ಹತ್ತಡಿ ಉದ್ದ, ನಾಲ್ಕಡಿ ಅಗಲ, ಮೂರೂವರೆ ಅಡಿ ಆಳದ ಗುಂಡಿ ಚೆನ್ನಾಗಿ ತುಳಿದು ತುಂಬಿದರೆ ಸುಮಾರು ಎರಡು ಟನ್ ಹಿಡಿಯುತ್ತದೆ. ಮರಿಗೆ ದಿನಕ್ಕೊಂದು ಕಿಲೋದಂತೆ 20 ಮರಿಗೆ 90 ದಿನ ಸಾಕಾಗಿ, ಹಾಳಾಗುವುದಕ್ಕೂ ಸ್ವಲ್ಪ ಉಳಿಯುತ್ತದೆ.

ಏನು ತುಂಬಬೇಕು? ಅಂಗಡಿಯವನು ಮೆಕ್ಕೆಜೋಳ ಅಂತಾನೆ. ನೀರಾವರಿಗೆ ಸರಿ. ಆದರೆ ಸೂಲಂಗಿ ಹೊತ್ತಿಗೆ ಮಳೆ ಕೈಕೊಟ್ಟರೆ ಮೆಕ್ಕೆಜೋಳದ ಕತೆ ಮುಗಿಯಿತು. ನಮ್ಮ ಜೋಳ ಹಾಗಲ್ಲ. ನೀರಿಲ್ಲದಾಗ ಎಲೆ ಸುರುಳಿ ಸುತ್ತಿ ಕಾಯುತ್ತದೆ, ಮಳೆ ಬಂದರೆ ಮತ್ತೆ ಏಳುತ್ತದೆ. ಸಜ್ಜೆಯೂ ಗಟ್ಟಿ ಬೆಳೆ. ಮುಂಗಾರಿನಲ್ಲಿ ಹಾಕಿ, ಕಾಳು ಹಾಲು ತುಂಬಿ ಹಿಟ್ಟಾಗುವಾಗ ಕೊಯ್ಯಿರಿ. ಒಂದಿಂಚಿಗಿಂತ ಸಣ್ಣದಾಗಿ ಕತ್ತರಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಒಂದೆರಡು ದಿನದಲ್ಲೇ ತುಂಬಿ, ಪದರ ಪದರವಾಗಿ ತುಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಮಣ್ಣು ಹೇರಿ. ಗಾಳಿ ಹೊಕ್ಕರೆ ಕೆಟ್ಟಿತು. ಗಾಳಿಯಿಲ್ಲದೆ ಹುಳಿಯೇರಿದ ಮೇವು 45 ದಿನಕ್ಕೆ ಹದವಾಗುತ್ತದೆ. ಮುಚ್ಚಳ ತೆಗೆಯದಿದ್ದರೆ ಬೇಸಿಗೆಯವರೆಗೂ ಕೆಡದು.

ಎಚ್ಚರದ ಮಾತೂ ಇದೆ. ಎಳೆ ಜೋಳ, ಬಾಡಿದ ಕೂಳೆ ಜೋಳದ ವಿಷ ಕುರಿಯ ಜೀವ ತೆಗೆಯುತ್ತದೆಂದು ನಿಮಗೆ ಗೊತ್ತು. ಗುಂಡಿಗೆ ಹಾಕಿದ ಮಾತ್ರಕ್ಕೆ ಆ ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಎಸೆಯಿರಿ. ಅದರಿಂದ ಕುರಿ ಸುತ್ತು ತಿರುಗಿ ಬೀಳುವ ರೋಗ ಬರುತ್ತದೆ. ರಸಮೇವೊಂದೇ ಮರಿಯನ್ನು ಬೆಳೆಸದು. ಜೋಳದ ರಸಮೇವಿನ ಒಣ ತೂಕದಲ್ಲಿ ಪ್ರೋಟೀನು ಶೇ. 7-8 ಮಾತ್ರ; ಬೆಳೆಯುವ ಮರಿಗೆ ಅದು ಸಾಲದು. ಜೊತೆಗೆ ತೊಗರಿ ಹೊಟ್ಟು ಇನ್ನೂರು ಗ್ರಾಂ, ಶೇಂಗಾ ಹಿಂಡಿ ನೂರು ಗ್ರಾಂ ಬೇಕು. ಮೊದಲ ವಾರ ಹಿಡಿ ಹಿಡಿಯಾಗಿಯೇ ಅಭ್ಯಾಸ ಮಾಡಿಸಿ.

‘ಮೇವಿಗೆ ಹೊಲ ಬಿಟ್ಟರೆ ಸಾಲ ಯಾರು ತೀರಿಸ್ತಾರೆ?’ ಅಂತ ಕೇಳುತ್ತೀರಿ. ಕೇಳಬೇಕಾದ ಮಾತೇ. ಬೇಕಾದ್ದು ಹತ್ತು ಗುಂಟೆ; ಮಳೆ ಕಡಿಮೆಯಾದರೆ ಇಪ್ಪತ್ತು. ಗಡುವಿನ ಭಯಕ್ಕೆ ಅರೆಬೆಲೆಗೆ ಮರಿ ಮಾರಿ ಇದುವರೆಗೆ ಯಾರ ಸಾಲ ತೀರಿದೆ?

ಆದರೆ ಗುಂಡಿ ತೋಡಿ ಸುಮ್ಮನೆ ಕೂತರೆ ಆಗಲಿಲ್ಲ. ದಪ್ಪಗಾದ ಮರಿಯನ್ನೂ ದಲ್ಲಾಳಿ ಬೆರಳಲ್ಲೇ ಅಳೆದಾನು. ಆದ್ದರಿಂದ ಪ್ರತಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ:

ಸಂತೆ ಸಂತೆಗೂ ತಕ್ಕಡಿ ಇಡಿ, ಮರಿ ತೂಕದ ಮೇಲೆ ಮಾರಾಟವಾಗಲಿ.

ಇಪ್ಪತ್ತು ಕುರಿಯವನ ಗುಂಡಿಗೂ, ಮೇವು ಕತ್ತರಿಸುವ ಯಂತ್ರಕ್ಕೂ ಸಬ್ಸಿಡಿ ಕೊಡಿ.

ಬರದ ವರ್ಷ ಸೊಸೈಟಿ ಸಾಲದ ಗಡುವನ್ನು ಮರಿ ಬೆಳೆಯುವ 90 ದಿನ ಮುಂದೂಡಿ. ಬಡ್ಡಿ ರಿಯಾಯಿತಿ ತಪ್ಪಿಸಬೇಡಿ.

ಇದು ಭಿಕ್ಷೆಯಲ್ಲ. ನಮ್ಮ ದೊಡ್ಡಿಯಿಂದ ಹೋಗುತ್ತಿರುವ 144 ಕಿಲೋದ ಲೆಕ್ಕ. ಮುಂಗಾರಿಗೆ ಮೊದಲೇ ಗುಂಡಿಗೆ ಗುದ್ದಲಿ ಹಾಕಿ. ಮೇವು ಕೈಯಲ್ಲಿದ್ದವನೇ ಸಂತೆಯಲ್ಲಿ ‘ಕೊಡೋಲ್ಲ’ ಅನ್ನಬಲ್ಲ.